ಕ್ವಾಂಟಮ್ ಕಂಪ್ಯೂಟರು ಬೆಲ್ಲದ ಹದ ನೋಡಿದ್ದು

ಕೆಲವರನ್ನು ಕಂಡರೆ ಬೀದಿನಾಯಿಗಳು ಅಟ್ಟಿಸಿಕೊಂಡು ಬರುತ್ತವೆ. ನನಗೆ ‘ಕ್ವಾಂಟಮ್’ ಅನ್ನುವ ಪದ ಬಾಯಿಂದ ಹೊರಬಿದ್ದರೆ ಸಾಕು, ಒಂದಲ್ಲ ಒಂದು ಫಜೀತಿ ಗ್ಯಾರಂಟಿ.

ನಾನು ಮಂಡ್ಯದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಜೊತೆಗೆ ಪಿಎಚ್.ಡಿ. ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯುವ ಫೋಟೋ ನೋಡಿ, ಬೆಲ್ಲಕ್ಕೆ ಹದ ಬಂತೋ ಇಲ್ಲವೋ ಹೇಳುವುದನ್ನು ಕ್ವಾಂಟಮ್ ಕಂಪ್ಯೂಟರಿಗೆ ಕಲಿಸುವುದು ನನ್ನ ವಿಷಯ. ಮಗುವಿಗೆ ಚಿತ್ರ ತೋರಿಸಿ ಕಲಿಸಿದ ಹಾಗೆಯೇ, ಆದರೆ ಇದಕ್ಕೆ ಮಗುವಿಗಿಂತ ಹಟ ಜಾಸ್ತಿ. ಆರನೇ ವರ್ಷ ನಡೆಯುತ್ತಿತ್ತು. “ಈ ಸಲ ಪರೀಕ್ಷಕರ ಮುಂದೆ ತೋರಿಸದಿದ್ದರೆ ರಿಜಿಸ್ಟ್ರೇಷನ್ ರದ್ದಾಗುತ್ತಮ್ಮ” ಎಂದು ಗೈಡ್ ಹೇಳಿಯಾಗಿತ್ತು. ಆರು ವರ್ಷ ನೀರಲ್ಲಿ ಹೋಮ ಆಗುತ್ತದಲ್ಲ ಎಂದು ನನಗೆ ನಿಜಕ್ಕೂ ಭಯವಿತ್ತು.

ಬಸ್ಸಿನಲ್ಲಿ

ಮಳವಳ್ಳಿ ಬಸ್ಸಿನಲ್ಲಿ ಪಕ್ಕದ ಸೀಟಿನ ಕಿರುಗಾವಲಿನ ಹೆಂಗಸು ನನ್ನ ಪುಸ್ತಕ ಇಣುಕಿ ನೋಡಿ, “ಏನವ್ವ ಅದು?” ಎಂದರು.

“ಮಾಮೂಲಿ ಕಂಪ್ಯೂಟರಲ್ಲಿ ಒಂದು, ಇಲ್ಲ ಸೊನ್ನೆ. ಇದರಲ್ಲಿ ಎರಡೂ ಸೇರಿಕೊಂಡಿರುತ್ತೆ. ನಾವು ನೋಡಿದ ತಕ್ಷಣ ಯಾವುದಾದರೂ ಒಂದಾಗುತ್ತೆ” ಎಂದೆ.

ನನ್ನ ವಿದ್ಯಾರ್ಥಿಗಳು ಈ ಮಾತಿಗೆ ಕಣ್ಣು ಬಾಯಿ ಬಿಡುತ್ತಾರೆ. ಆಕೆ ತಲೆದೂಗಿದರು. “ಗೊತ್ತಾಯ್ತು ಬುಡವ್ವ. ನನ್ ಮಗನ್ಗೆ ಬೆಳಕವಾಡೀಲಿ ಎಣ್ಣು ನೋಡ್ಬಂದು ಎಲ್ಡ್ ತಿಂಗ್ಳಾಯ್ತು. ‘ಯೋಳ್ ಕಳಿಸ್ತೀವಿ’ ಅಂದವ್ರೆ. ಊಂ ಅಂತಾನೂ ಇಲ್ಲ, ಬ್ಯಾಡ ಅಂತಾನೂ ಇಲ್ಲ.”

“ಹೆಚ್ಚುಕಡಿಮೆ ಅದೇ” ಎಂದೆ.

ಮಳವಳ್ಳಿಯಲ್ಲಿ ನಾನು ಇಳಿದೆ, ಅವರೂ ಇಳಿದು ಇನ್ಯಾವುದೋ ಊರಿನ ಬಸ್ಸಿನತ್ತ ನಡೆದರು. “ನೀವು ಕಿರುಗಾವಲಿಗೆ ಅಲ್ವಾ ಹೋಗಬೇಕಿದ್ದುದು?” ಎಂದೆ.

“ನೋಡುದ್ ತಕ್ಸಣ ಒಂದಾಯ್ತದೆ ಅಂದ್ಯಲ್ಲವ್ವ! ಬೆಳಕವಾಡಿಗೇ ಓಗಿ ನೋಡ್ಕಂಡ್ ಬತ್ತೀನಿ.”

ಸರದಿ

ಫೋಟೋ ತೆಗೆಯಲು ನಿಡಘಟ್ಟದ ಹತ್ತಿರದ ಒಂದು ಆಲೆಮನೆಗೆ ಹೋಗುತ್ತಿದ್ದೆ. ಅಲ್ಲಿ ಹದ ನೋಡುವವರು ಒಬ್ಬ ಯಜಮಾನರು. ಅವರು “ಬಂತು!” ಎಂದು ಕೂಗಿದಾಗ ತೆಗೆದ ಫೋಟೋಗೆ ನಾನು ‘ಹದ’ ಎಂದು ಗುರುತು ಹಾಕಬೇಕು, ಅಷ್ಟೇ.

ಒಂದು ದಿನ ಕಂಪ್ಯೂಟರನ್ನೇ ಕೇಳಿಬಿಡೋಣ ಎಂದುಕೊಂಡೆ. ಕ್ವಾಂಟಮ್ ಕಂಪ್ಯೂಟರು ಇರುವುದು ಪರದೇಶದಲ್ಲಿ. ಇಂಟರ್ನೆಟ್ಟಿನಲ್ಲಿ ಪ್ರಶ್ನೆ ಕಳಿಸಿ, ಲೋಕದವರೆಲ್ಲರ ಜೊತೆ ಸರದಿಯಲ್ಲಿ ಕಾಯಬೇಕು. ಕುದಿಯುತ್ತಿದ್ದ ಹಾಲಿನ ಫೋಟೋ ತೆಗೆದು ಕಳಿಸಿದೆ.

“ಏನಂತವ್ವ?” ಎಂದರು ಯಜಮಾನರು.

“ಸರದೀಲಿದೆ.”

ಅವರು ಕೊಪ್ಪರಿಗೆ ಇಳಿಸಿದರು. ಅಚ್ಚಿಗೆ ಹೊಯ್ದರು. ಬೆಲ್ಲ ಆರಿತು. ಅಚ್ಚು ಬಿಡಿಸಿ, ಗಾಡಿಗೆ ತುಂಬುವಾಗ ಉತ್ತರ ಬಂತು: ‘ಇನ್ನೂ ಹದ ಬಂದಿಲ್ಲ.’

ಯಜಮಾನರು ನಗಲಿಲ್ಲ. ಒಂದು ಅಚ್ಚು ಮುರಿದು ತುಂಡನ್ನು ನನ್ನ ಕೈಗಿಟ್ಟು, “ಪಾಪ, ಅದ್ಕೂ ಒಂದ್ ಚೂರು ಕಳ್ಸವ್ವ. ತಿಂದ್ ನೋಡಿ ಯೋಳ್ಲಿ” ಎಂದರು.

ಪರೀಕ್ಷಕರು ಬಂದ ದಿನ

ಕೊನೆಗೆ ಆ ದಿನ ಬಂತು. ಸರದಿಯ ಸಹವಾಸವೇ ಬೇಡವೆಂದು, ಕ್ವಾಂಟಮ್ ಕಂಪ್ಯೂಟರಿನ ಹಾಗೆ ನಟಿಸುವ ಪ್ರೋಗ್ರಾಮನ್ನು ಲ್ಯಾಪ್‌ಟಾಪಿನಲ್ಲೇ ಹಾಕಿಕೊಂಡೆ. ಮನೆಯಲ್ಲಿ ಹಳೇ ಫೋಟೋ ಕೊಟ್ಟು ನೋಡಿದ್ದೆ, ಒಂದೂ ತಪ್ಪಾಗಿರಲಿಲ್ಲ. ಕ್ಯಾಮೆರಾವನ್ನು ಎಂದಿನಂತೆ ಕೊಪ್ಪರಿಗೆಗೂ ಯಜಮಾನರಿಗೂ ಎದುರಾಗಿ ಕಟ್ಟಿದೆ.

ಬೆಂಗಳೂರಿನಿಂದ ಬಂದ ಪರೀಕ್ಷಕರು ಗೈಡ್ ಜೊತೆ ಒಳಗೆ ಬಂದರು. ದೊಡ್ಡವರು ಬಂದರೆಂದು ಯಜಮಾನರು ಹೆಗಲ ಮೇಲಿನ ಟವಲ್ ತೆಗೆದು, ಬೆಂಚು ಒರೆಸಿ, “ಕುಂತ್ಕಳಿ ಸಾಮಿ” ಎಂದರು. ಆಮೇಲೆ ಟವಲ್ಲನ್ನು ಕೈಯಲ್ಲೇ ಹಿಡಿದು ಕೊಪ್ಪರಿಗೆಯ ಪಕ್ಕ ವಿನಯವಾಗಿ ನಿಂತರು.

ಹಾಲು ಆಗಷ್ಟೇ ಹೊಯ್ದದ್ದು, ಒಲೆಗಿನ್ನೂ ಬೆಂಕಿ ಇಟ್ಟಿರಲಿಲ್ಲ. ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಮೂಡಿತು: ‘ಹದ ಬಂದಿದೆ.’

ಪರೀಕ್ಷಕರು ತಣ್ಣಗಿನ ಹಾಲು ನೋಡಿದರು. ಪರದೆ ನೋಡಿದರು. ನನ್ನ ಗೈಡ್ ಸೂರು ನೋಡಿದರು. ನಾನು ಪ್ರೋಗ್ರಾಮನ್ನು ನಿಲ್ಲಿಸಿ ಮತ್ತೆ ಓಡಿಸಿದೆ. ‘ಹದ ಬಂದಿದೆ.’ ಮುಗಿಯಿತು ಕಥೆ ಎಂದು ಅಳುವೇ ಬಂತು.

ನನ್ನ ಮುಖ ನೋಡಿ ಯಜಮಾನರಿಗೆ ಮರುಕವಾಗಿರಬೇಕು. ಟವಲ್ಲನ್ನು ಹೆಗಲಿಗೆ ಹಾಕಿಕೊಂಡು ಸಮಾಧಾನ ಹೇಳಲು ಬಾಯಿ ತೆರೆದರು. ‘ಹದ ಬಂದಿಲ್ಲ.’ ಅವರು ಪರದೆ ನೋಡಿ ಟವಲ್ ತೆಗೆದರು. ‘ಹದ ಬಂದಿದೆ.’ ಹಾಕಿದರು. ‘ಹದ ಬಂದಿಲ್ಲ.’

“ಅಯ್ಯೋ, ಇದು ಪಾಕ ನೋಡ್ತಾ ಇಲ್ಲ ಕಣವ್ವ, ನನ್ ಟವಲ್ ನೋಡ್ತಾ ಅದೆ! ಪಾಕ ಬಂದೇಟ್ಗೆ ಕೊಪ್ಪರ್ಗೆ ಇಡಿಯಕ್ಕೆ ನಾನ್ ಟವಲ್ ತಗೀತೀನಲ್ಲ, ಅದ್ನ ಕಲ್ತ್ಕಂಡದೆ!”

ಪರೀಕ್ಷಕರು ನಗಲು ಶುರು ಮಾಡಿದವರು ಬೆಂಚಿನಿಂದ ಜಾರುವುದೊಂದು ಬಾಕಿ. ಕಣ್ಣೊರೆಸಿಕೊಂಡು, “ನೋಡಿಯಮ್ಮ, ಯಂತ್ರ ಏನು ಕಲಿತಿದೆ ಅಂತ ಗೊತ್ತಾಗೋದೇ ಕಷ್ಟ. ನಿಮಗೆ ಗೊತ್ತಾಯ್ತಲ್ಲ, ಇದನ್ನೂ ಬರೀರಿ. ಆರು ತಿಂಗಳು ಟೈಮ್ ಕೊಡಿಸ್ತೀನಿ. ಟವಲ್ ಇಲ್ಲದೆ ಮತ್ತೆ ಫೋಟೋ ತೆಗೀರಿ” ಎಂದರು. ನನಗೆ ಹೋದ ಜೀವ ಬಂತು.

“ಅದೊಂದ್ ಆಗಕ್ಕಿಲ್ಲ” ಎಂದರು ಯಜಮಾನರು. “ಟವಲ್ ಇಲ್ದೆ ಫೋಟೋಕ್ಕೆ ನಿಂತ್ರೆ ಮಾನ ಏನಾಯ್ತದೆ? ಎಲ್ಡ್ ಟವಲ್ ತತ್ತೀನಿ ಬುಡಿ. ಕೊಪ್ಪರ್ಗೆ ಇಡಿಯಕ್ಕೆ ಒಂದು ಯಾವಾಗ್ಲೂ ಕೈಲೇ ಇರ್ಲಿ, ಇನ್ನೊಂದು ಯಾವಾಗ್ಲೂ ಎಗಲ್ ಮ್ಯಾಲೇ ಇರ್ಲಿ. ಆಗ ಅದೇನ್ ನೋಡ್ಕಂಡ್ ಕಲ್ತದು?”

ಆರು ವರ್ಷದಲ್ಲಿ ನನಗಾಗಲಿ ಗೈಡ್‌ಗಾಗಲಿ ಹೊಳೆಯದ ಉಪಾಯ. ಪರೀಕ್ಷಕರು ಆಗಲೇ ಪೆನ್ನು ತೆಗೆದಿದ್ದರು. ಅವರ ವರದಿ ಈಗಲೂ ನನ್ನ ಬಳಿ ಇದೆ. ಮುಂದಿನ ಪ್ರಯೋಗಕ್ಕೆ ಬೇಕಾದ ಸಲಕರಣೆಗಳು ಎಂಬ ಕಡೆ ಸ್ವಂತ ಕೈಬರಹದಲ್ಲಿ ಬರೆದಿದ್ದಾರೆ: ಕ್ವಾಂಟಮ್ ಕಂಪ್ಯೂಟರ್ ಒಂದು, ಟವಲ್ ಎರಡು.