ಅಣುಸ್ಥಾವರಕ್ಕೆ ಅಡುಗೆಮನೆಯಲ್ಲಿ ತರಬೇತಿ

ನನ್ನ ಹೆಂಡತಿ ಕಲಾವತಿ ನನ್ನನ್ನು ಹೆಸರು ಹಿಡಿದು ಕರೆಯುತ್ತಾಳೆ. ಅದೂ ಅಟ್ಟೂರಿನ ನಮ್ಮ ಬೀದಿಯ ಕೊನೆಯ ಮನೆಗೂ ಕೇಳಿಸುವಂತೆ! ತಪ್ಪು ಅವಳದಲ್ಲ, ಅಣುಶಕ್ತಿಯದು.

ಕರಾವಳಿಯ ಪೆಟ್ರೋಕೆಮಿಕಲ್ ಕಾರ್ಖಾನೆಯೊಂದರಲ್ಲಿ ನಾನು ಮೂಗಿನಿಂದಲೇ ಹೆಸರು ಮಾಡಿದವನು. ಎಲ್ಲಿ ಏನು ಸೋರಿದರೂ ವಾಸನೆ ಹಿಡಿದು ಹೋಗಿ ವಾಲ್ವ್ ತಿರುಗಿಸುತ್ತಿದ್ದೆ. (ಮನೆಯಲ್ಲಿ ಸಾರು ಸೀದದ್ದು ಮಾತ್ರ ತಿಳಿಯುತ್ತಿರಲಿಲ್ಲ.) ಆದರೆ ರಜೆಗೆ ಬಂದಾಗಲೆಲ್ಲ ಕಲಾವತಿ ಕಾರ್ಖಾನೆಯ ವಾಸನೆ ಹೊಡೆಯುವ ನನ್ನ ಅಂಗಿಗಳನ್ನು ಕೋಲಿನಲ್ಲಿ ಎತ್ತಿ ಬಕೆಟ್ಟಿಗೆ ಹಾಕುತ್ತಿದ್ದಳು. ಅವಮಾನವಾಯಿತು. ಅಣು ವಿದ್ಯುತ್ ಸ್ಥಾವರದ ಆಪರೇಟರ್ ಆಗಿ ಘನತೆಯಿಂದ ಬಾಳುವುದೆಂದು ತೀರ್ಮಾನಿಸಿ, ಸಂದರ್ಶನಕ್ಕೆ ಕರೆ ಬಂದ ದಿನವೇ ಹಳೆಯ ಕೆಲಸಕ್ಕೆ ರಾಜೀನಾಮೆ ಎಸೆದೆ.

ಅಣುಸ್ಥಾವರದಲ್ಲಿ ಮೂಗು ಕೆಲಸಕ್ಕೆ ಬಾರದು. ಮೇಲಧಿಕಾರಿ ಮೊದಲು ನಿಮ್ಮ ಹೆಸರು ಕರೆದು ಆಜ್ಞೆ ಕೊಡಬೇಕು, ನೀವು ಅದನ್ನೇ ತಿರುಗಿ ಹೇಳಬೇಕು, ಅವರು ‘ಸರಿ’ ಎಂದ ಮೇಲೆಯೇ ಸ್ವಿಚ್ಚಿಗೆ ಕೈ. ಮನೆಯಲ್ಲೇ ಅಭ್ಯಾಸ ಶುರು ಮಾಡಿದೆ. ಮೇಲಧಿಕಾರಿಯ ಹುದ್ದೆಯನ್ನು ಕಲಾವತಿಗೆ ಕೊಟ್ಟೆ. (ಹುದ್ದೆ ಮೊದಲಿನಿಂದಲೂ ಅವಳದೇ, ನಾನು ಮಾಡಿದ್ದು ಅಧಿಕೃತ ಘೋಷಣೆ ಅಷ್ಟೆ.)

“ಹೆಸರು ಹಿಡಿದು ಕರೀಬೇಕಾ? ಗಂಡನ ಆಯಸ್ಸು ಕಮ್ಮಿ ಆಗುತ್ತೆ ಕಣ್ರೀ!”

“ಕೆಲಸ ಸಿಗದಿದ್ರೆ ಇನ್ನೂ ಕಮ್ಮಿ ಆಗುತ್ತೆ. ಕರಿ ಕಣೇ!”

ಅವಳು ದೇವರ ಮನೆ ಕಡೆ ತಿರುಗಿ ಕೈಮುಗಿದು ಪಿಸುಗುಟ್ಟಿದಳು. “ನಾಗಭೂಷಣ... ಕುಕ್ಕರ್ ಆಫ್ ಮಾಡಿ.”

“ಕುಕ್ಕರ್ ಆಫ್ ಮಾಡಬೇಕು, ಬಂದೆ ಕಣೇ!”

“ಸರಿ.”

ವಾರ ಕಳೆಯುವಷ್ಟರಲ್ಲಿ ಪಿಸುಮಾತು ಗರ್ಜನೆಯಾಗಿ, ‘ಮಾಡಿ’ ಹೋಗಿ ‘ಮಾಡು’ ಬಂತು. ನನ್ನ ತಾಯಿ ಗಂಗರತ್ನಮ್ಮನವರು ಸೊಸೆಗೆ ಸರಿಯಾಗಿ ಬೈಯುತ್ತಾರೆಂದು ಕಾದೆ. ಅವರು, “ಒಂದೇ ಸಲಕ್ಕೆ ಮಾತು ಕೇಳ್ತಾವ್ನೆ. ಬಿಡಬ್ಯಾಡ ಕಣಮ್ಮ” ಎಂದರು.

ಸಂದರ್ಶನದ ದಿನ ಬಂತು. ಪೊದೆ ಮೀಸೆಯ ಮುಖ್ಯ ಎಂಜಿನಿಯರ್ ಗಂಭೀರವಾಗಿ ಆಜ್ಞೆ ಕೊಟ್ಟರು. “ನಾಗಭೂಷಣ, ಎರಡನೇ ಪಂಪ್ ನಿಲ್ಲಿಸಿ.”

ನಾನು ದಡಕ್ಕನೆ ಎದ್ದು ನಿಂತೆ. “ಎರಡನೇ ಪಂಪ್ ನಿಲ್ಲಿಸಬೇಕು, ಬಂದೆ ಕಣೇ!”

ಮೀಸೆ ಅದುರಿತು. ಅವರು ‘ಸರಿ’ ಎನ್ನಲೇ ಇಲ್ಲ, ಬಾಗಿಲು ತೋರಿಸಿದರು.

ಫೋನಿನಲ್ಲೇ ಹಳೆಯ ಮ್ಯಾನೇಜರರ ಕಾಲು ಹಿಡಿದು ರಾಜೀನಾಮೆ ವಾಪಸು ಪಡೆದೆ. ಮನೆಗೆ ಬಂದವನೇ ಕಲಾವತಿಗೆ ಗಟ್ಟಿಯಾಗಿ ಹೇಳಿದೆ.

“ಅಭ್ಯಾಸ ಮುಗೀತು. ಇನ್ಮೇಲೆ ಹೆಸರು ಹಿಡಿದು ಕರೀಬೇಡ.”

“ಇನ್ಮೇಲೆ ಹೆಸರು ಹಿಡಿದು ಕರೀಬಾರ್ದು,” ಎಂದು ಅವಳು ನಿಯಮದಂತೆ ತಿರುಗಿ ಹೇಳಿದಳು.

“ಸರಿ!” ಎಂದು ನಾನು ಗೆದ್ದ ಖುಷಿಯಲ್ಲಿ ಕುರ್ಚಿಗೆ ಒರಗಿದೆ.

ಅಷ್ಟರಲ್ಲಿ ಬೀದಿಯಲ್ಲಿ ಕಸದ ಆಟೋದ ಹಾಡು ಕೇಳಿಸಿತು.

“ನಾಗಭೂಷಣ! ಕಸ ಹಾಕಿ ಬಾ!” ಎಂದು ಕಲಾವತಿ ಗರ್ಜಿಸಿದಳು.

ನೋಡುತ್ತೇನೆ, ಬುಟ್ಟಿ ಆಗಲೇ ನನ್ನ ಕೈಯಲ್ಲಿದೆ. “ಕಸ ಹಾಕಿ ಬರಬೇಕು, ಬಂದೆ ಕಣೇ!” ಎಂದು ಹೊಸಿಲಲ್ಲಿ ನಿಂತು ಅವಳ ‘ಸರಿ’ಗಾಗಿ ಕಾದೆ.

“ಸರಿ, ಓಗು,” ಎಂದರು ಅಮ್ಮ.