ಐದು ತಲೆಯ ಟ್ಯಾಂಕು, ಒಂದು ಲೋಡು ತಕ್ಕಾಳಿ

ನಾನು ಎಂಥ ಘನಕಾರ್ಯಕ್ಕೆ ಕೈ ಹಾಕಿದರೂ ಕೊನೆಗೆ ನಾಲ್ಕು ಜನ ಹೊಟ್ಟೆ ಹಿಡಿದುಕೊಂಡು ನಗುವುದೇ ಆಗುತ್ತದೆ. ತಪ್ಪು ನನ್ನದಲ್ಲ, ನಗುವವರದ್ದು.

ಚೆನ್ನೈಯಲ್ಲಿ ಟ್ಯಾಂಕ್ ಯುದ್ಧದ ವಿಡಿಯೋ ಗೇಮ್ ಮಾಡುವ ಕಂಪನಿಯಲ್ಲಿ ನನ್ನ ಕೆಲಸ. ಕೋಲಾರದ ಕಡೆಯ ಹಳ್ಳಿಯವನು ನಾನು, ಮೀಸೆ ಮೂಡುವ ಮೊದಲೇ ಟ್ರ್ಯಾಕ್ಟರ್ ಓಡಿಸಿದವನು. ಟ್ಯಾಂಕಿನ ಬಗ್ಗೆ ಆಫೀಸಿನಲ್ಲಿ ನನ್ನಷ್ಟು ತಿಳಿದವರು ಇನ್ನೊಬ್ಬರಿಲ್ಲ. ಎರಡು ಮಹಾಯುದ್ಧಗಳ ನಡುವೆ ಕೆಲವು ದೇಶಗಳವರು ಒಂದೇ ಟ್ಯಾಂಕಿಗೆ ಐದೈದು ತಿರುಗುವ ತಲೆ ಕೂರಿಸಿದ್ದರು, ತಲೆಗೊಂದು ಬಂದೂಕು. ಅಂಥದ್ದು ನಮ್ಮ ಗೇಮಿಗೂ ಬೇಕೇ ಬೇಕು ಎಂದು ಹಟ ಹಿಡಿದವನೂ ನಾನೇ.

ನಮ್ಮ ಮೇಡಂ ತಲೆಮಾರುಗಳಿಂದ ಮದರಾಸಿನಲ್ಲೇ ನೆಲೆಸಿದ ಕನ್ನಡ ಮನೆತನದವರು. ಕನ್ನಡಕ್ಕೆ ತಮಿಳಿನ ಒಗ್ಗರಣೆ ಹಾಕದೆ ಮಾತಾಡಲಾರರು. ಹಳೆಯ ಫೋಟೋ ನೋಡಿ, "ಎನ್ನಪ್ಪಾ ಇದು, ಟ್ಯಾಂಕಾ, ಕಲ್ಯಾಣ ಮಂಟಪವಾ? ತಿಂಗಳ ಕೊನೆಗೆ ಎಲ್ಲರ ಎದುರು ಇದರಲ್ಲಿ ಒಂದೇ ಒಂದು ಆಟ ಗೆದ್ದು ತೋರಿಸು. ಸೋತರೆ ಗೇಮಿಂದ ತೆಗೆದು ಎಸೆದುಬಿಡ್ತೀನಿ ಪಾ" ಎಂದರು.

ಅಷ್ಟರಲ್ಲಿ ನಾನು ಊರಿಗೆ ಫೋನ್ ಮಾಡಿ, ನನ್ನ ಟ್ಯಾಂಕ್ ಬಂದೇ ಬಿಟ್ಟಿತೆಂದು ಸಾರಿಯಾಗಿತ್ತು. ಟೀ ಅಂಗಡಿಯಲ್ಲಿ ಅಪ್ಪ ಆಗಲೇ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಇನ್ನು ಸೋಲುವ ಹಾಗಿರಲಿಲ್ಲ.

ಅಳತೆ

ನಡುವಿನ ದೊಡ್ಡ ತಲೆಯ ಸುತ್ತ ಇರುವ ನಾಲ್ಕು ಚಿಕ್ಕ ತಲೆಗಳ ಒಳಗೆ ಮನುಷ್ಯ ಹಿಡಿಯುವುದೇ ಇಲ್ಲ ಎಂದು ನಮ್ಮ ಚಿತ್ರ ಬಿಡಿಸುವ ತಮಿಳು ಹುಡುಗ ವಾದಿಸಿದ. ನಾನು ಬಿಡುವವನಾ? ಪಲ್ಲಾವರಂ ಸಂತೆಯಿಂದ ಅಷ್ಟೇ ಅಗಲದ ಹಳೆಯ ಡ್ರಮ್ಮು ತಂದು, ಆಫೀಸಿನ ನಟ್ಟನಡುವೆ ಇಟ್ಟು, ಒಳಗಿಳಿದು ಕುಕ್ಕರುಗಾಲಲ್ಲಿ ಕೂತು, "ನೋಡು, ಹಿಡಿಸ್ತು!" ಎಂದೆ. ಹಿಡಿಸಿದ್ದು ನಿಜ. ಏಳಲು ಮಾತ್ರ ಆಗಲಿಲ್ಲ.

"ಎಳೆಯೋ!" ಎಂದು ಕೂಗಿದರೆ ಅವನು ಮೊಬೈಲ್ ಹಿಡಿದು ನನ್ನ ಸುತ್ತ ಪ್ರದಕ್ಷಿಣೆ ಹಾಕುತ್ತಾನೆ! "ಅಲ್ಲಾಡಬೇಡಿ ಅಣ್ಣಾ, ಇಂಥ ಮುಖ ಮತ್ತೆ ಸಿಗೋದಿಲ್ಲ." ಕೊನೆಗೆ ವಾಚ್‌ಮನ್ ಕೊಬ್ಬರಿ ಎಣ್ಣೆ ತಂದು ಬಿಡಿಸಿದ. ಇವತ್ತಿಗೂ ಗೇಮಿನಲ್ಲಿ ಆ ಚಿಕ್ಕ ತಲೆಯ ಮುಚ್ಚಳ ತೆಗೆದರೆ ಒಳಗಿರುವ ಸಿಪಾಯಿಯ ಮುಖದಲ್ಲಿ ಯುದ್ಧದ ಭೀಕರತೆ ಎದ್ದು ಕಾಣುತ್ತದೆ. ಅದು ಯುದ್ಧದ್ದಲ್ಲ, ಡ್ರಮ್ಮಿನದು.

ಸದ್ದು

ಆ ಕಾಲದ ಇಂಜಿನ್ನಿನ ಸದ್ದು ಎಲ್ಲಿ ಸಿಗಬೇಕು? ನಮ್ಮೂರ ಟೊಮೆಟೊ ಲಾರಿ ಕೋಯಂಬೇಡು ಮಾರ್ಕೆಟ್ಟಿಗೆ ಬರುತ್ತದೆ. ಅದರ ಗಂಟಲು ಕೇಳಿದವರಿಗೆ ಬೇರೆ ಟ್ಯಾಂಕು ಬೇಡ. ಬೆಳಿಗ್ಗೆ ಹೋಗಿ ಸ್ಟಾರ್ಟ್ ಮಾಡುವಾಗ ಒಂದು, ಓಡುವಾಗ ಒಂದು, ಎರಡು ಸದ್ದು ಹಿಡಿದು ತಂದೆ.

ಆಫೀಸಿನಲ್ಲಿ ದೊಡ್ಡ ಸ್ಪೀಕರ್ ಹಚ್ಚಿದೆ. ಟ್ಯಾಂಕು ಗುರ್ ಎಂದಿತು, ಡಡಡಡ ಎಂದಿತು, ಆಮೇಲೆ "ತಕ್ಕಾಳೀ! ತಕ್ಕಾಳೀ!" ಎಂದಿತು. ಪಕ್ಕದಲ್ಲಿ ಟೊಮೆಟೊ ಮಾರುತ್ತಿದ್ದವನ ತಮಿಳು ಕೂಗೂ ಎರಡು ಸದ್ದಿನಲ್ಲೂ ಸೇರಿ ಬಂದಿತ್ತು.

"ಅದು ರಣಘೋಷ ಮೇಡಂ" ಎಂದೆ, ಮೀಸೆ ತಿರುವಿ. ಸೌಂಡ್ ನೋಡುವ ಹುಡುಗಿ ಓಡುವ ಸದ್ದಿನಿಂದ ಕೂಗನ್ನು ಕತ್ತರಿಸಿದಳು. "ಸ್ಟಾರ್ಟಿನದು ನಾನೇ ನೋಡ್ಕೋತೀನಿ, ಬಿಡಮ್ಮ" ಎಂದೆ.

ಮೇಡಂ ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಯುದ್ಧಕ್ಕೆ ಹೋಗ್ತಾ ರಸಂಗೂ ಏರ್ಪಾಡು ಮಾಡಿದ್ದೀಯಲ್ಲ ಪಾ, ಪರವಾಗಿಲ್ಲ!" ಎಂದರು.

ಪಾಲು

ಮೊದಲ ಪರೀಕ್ಷೆ. ದೊಡ್ಡ ತಲೆ ನನ್ನ ಕೈಯಲ್ಲಿ, ಉಳಿದ ನಾಲ್ಕು ತಾವಾಗಿ ಗುಂಡು ಹಾರಿಸಬೇಕು. ಎದುರಿಗೆ ಶತ್ರು ಬಂದ. ಹಿಂದಿನ ತಲೆಗೂ ಶತ್ರು ಕಂಡ, ಆದರೆ ದೊಡ್ಡ ತಲೆ ಅಡ್ಡ ನಿಂತಿತ್ತು. ಅದಕ್ಕೇನಂತೆ, ದೊಡ್ಡದಕ್ಕೇ ಬಾರಿಸಿತು. ಬಲಗಡೆಯದು ಎಡಗಡೆಯದಕ್ಕೆ ಬಿಟ್ಟಿತು. ಶತ್ರು ಒಂದು ಗುಂಡೂ ಹಾರಿಸದೆ ನಿಂತು ನೋಡಿದ. ಪರದೆಯ ಮೇಲೆ ಬಂತು: "ನಿಮ್ಮನ್ನು ನಾಶ ಮಾಡಿದವರು: ನೀವೇ."

"ಇದೇನೂ ದೋಷವಲ್ಲ ಮೇಡಂ. ಒಂದೇ ಸೂರಿನಡಿ ಐದು ಜನ ಅಣ್ಣತಮ್ಮಂದಿರಿದ್ದರೆ ಹೀಗೇ. ನಮ್ಮ ಮನೇಲೇ ನೋಡಿದ್ದೀನಿ" ಎಂದೆ.

"ಹಂಗಾದ್ರೆ ಮೊದಲು ಪಾಲು ಮಾಡಿಸು ಪಾ, ಆಮೇಲೆ ಯುದ್ಧ!"

ಮಾಡಿಸಿದೆ. ಒಂದೊಂದು ತಲೆಗೂ ಇಲ್ಲಿಂದ ಇಲ್ಲಿಯವರೆಗೆ ನಿನ್ನದೆಂದು ಗಡಿ ಹಾಕಿದೆ. ನಮ್ಮ ದೊಡ್ಡಪ್ಪನಿಗೆ ಆಗದ ಕೆಲಸ ನನಗೆ ಒಂದು ವಾರದಲ್ಲಿ ಆಯಿತು.

ಗೆಲುವು

ಆ ದಿನ ಬಂತು. ಆಫೀಸೆಲ್ಲ ಸುತ್ತ ನೆರೆದಿದೆ. ಶತ್ರುವಿನ ಪುಟ್ಟ ಒಂಟಿ ತಲೆಯ ಟ್ಯಾಂಕಿಗೆ ಸ್ವತಃ ಮೇಡಮ್ಮೇ ಕೂತರು. ನಮ್ಮ ಗೇಮಿನಲ್ಲಿ ಆಟ ಶುರುವಾಗುವುದೇ ಇಂಜಿನ್ ಓಡುತ್ತಿರುವಾಗ. ನನ್ನದು ಮದುವೆ ಮೆರವಣಿಗೆಯಂತೆ ಹೊರಟಿತು, ಅವರದು ನೊಣದಂತೆ ಸುತ್ತಿತು. ಒಂದೊಂದಾಗಿ ನನ್ನ ನಾಲ್ಕು ತಲೆ ಹಾರಿದವು, ಇಂಜಿನ್ನೂ ನಿಂತಿತು. ಉಳಿದದ್ದು ಹಿಂದಿನ ಪುಟ್ಟ ತಲೆ, ಅದೂ ಗುಂಡು ತುಂಬಿಕೊಳ್ಳುತ್ತಾ ಕೂತಿದೆ. ಅವರಿಗೂ ಒಂದೇ ಏಟಿನ ಆಯಸ್ಸು ಉಳಿದಿತ್ತು. ಆದರೆ ನನಗೆ ಮಿಸುಕಲೂ ಆಗದು.

ಮೇಡಂ ಸಾವಕಾಶವಾಗಿ ನನ್ನ ಹಿಂದೆ ಬಂದು ನಿಂತರು. "ಮುಗೀತು ಪಾ. ಊರಿಗೆ ಫೋನ್ ಮಾಡಿ ಹೇಳಿಬಿಡು."

ಅಪ್ಪನ ಮುಖ ಕಣ್ಣೆದುರು ಬಂತು. ದೇವರ ಮೇಲೆ ಭಾರ ಹಾಕಿ ಸ್ಟಾರ್ಟ್ ಒತ್ತಿದೆ.

"ತಕ್ಕಾಳೀ! ತಕ್ಕಾಳೀ!"

ನೋಡ್ಕೋತೀನಿ ಅಂದವನು ನೋಡಿಕೊಂಡಿರಲಿಲ್ಲ. ಮೇಡಂ ಮೌಸ್ ಬಿಟ್ಟು, ಮೇಜಿನ ಮೇಲೆ ತಲೆಯಿಟ್ಟು ನಗತೊಡಗಿದರು. ಹಿಂದಿನ ಪುಟ್ಟ ತಲೆಗೆ ನಗೆಯೂ ಇಲ್ಲ, ದಾಕ್ಷಿಣ್ಯವೂ ಇಲ್ಲ. ತನ್ನ ಪಾಲಿನ ಜಾಗದಲ್ಲಿ ಯಾರೋ ನಿಂತಿದ್ದಾರೆ, ಅಷ್ಟೇ. ಢಂ!

ನಾನು ಕುರ್ಚಿ ಹತ್ತಿ ಕುಣಿದೆ. ಮೇಡಂ ಬಿಕ್ಕುತ್ತಲೇ, "ಟ್ಯಾಂಕ್ ಇರಲಿ ಪಾ. ತಕ್ಕಾಳಿನೂ ಇರಲಿ" ಎಂದರು.

ಗೆದ್ದ ವಿಡಿಯೋ ತಕ್ಷಣ ಊರಿಗೆ ಕಳಿಸಿದೆ. ಟೀ ಅಂಗಡಿಯವರೆಲ್ಲ ಸೇರಿ ಮೂರು ಸಲ ನೋಡಿದರಂತೆ. ಅಪ್ಪ ಫೋನ್ ಮಾಡಿದರು. ಹೊಗಳಿಕೆ ಕೇಳಲು ಸ್ಪೀಕರ್ ಹಾಕಿ ಇಡೀ ಆಫೀಸಿನ ಮುಂದೆ ಎದೆಯುಬ್ಬಿಸಿ ನಿಂತೆ.

"ಯುದ್ಧ ಇರ್ಲಿ ಬಿಡೋ ಮಗನೇ," ಎಂದರು ಅಪ್ಪ. "ಅದ್ರಲ್ಲಿ ಕೂಗ್ತಾವ್ನಲ್ಲ, ಅವನ್ನ ಕೇಳು. ಈವತ್ತು ಟೊಮೆಟೊ ಬಾಕ್ಸಿಗೆ ಏನು ರೇಟಂತೆ?"