ಸಿಡಿಲಿನ ತಲೆಗೆ ಕಟ್ಟಿದ ಕಂಪ್ಯೂಟರು

ಸಿಡಿಲು ಹೊಡೆದದ್ದಲ್ಲ. ಪ್ಲಗ್ಗು ಕಿತ್ತದ್ದು ನಾನು. ನಡೆದದ್ದು ಇಷ್ಟೇ. ಉಳಿದದ್ದೆಲ್ಲ ನಾನು ಬಾಯಿ ಮುಚ್ಚಿ ಕೂತ ಕಥೆ. ನಮ್ಮ ಕಡೆ ಸಿಡಿಲಿನಷ್ಟು ಉಪಕಾರಿ ಬೇರೆ ಯಾರೂ ಇಲ್ಲ. ಯಾರದೋ ಮನೆಯಿಂದ ಎತ್ತಿಕೊಂಡು ಬಂದ ಹಳೇ ಪಂಪು ನಿಂತುಹೋದರೆ ಸಿಡಿಲು. ಬುಡಕ್ಕೆ ಒಂದು ಬುಟ್ಟಿ ಗೊಬ್ಬರ ಕಾಣದ ತೆಂಗಿನಮರ ಒಣಗಿದರೆ ಸಿಡಿಲು. ಬಿಲ್ಲು ಕಟ್ಟದೆ ಫೋನಿನ ಲೈನು ಹೋದರೂ ನೆಂಟರ ಹತ್ತಿರ ಹೇಳುವುದು ಸಿಡಿಲು. ಪಾಪ, ಅದು ಕೆಳಗಿಳಿದು ಬಂದು 'ನಾನಲ್ಲ' ಎಂದು ವಾದಿಸುವುದಿಲ್ಲ. ಊರೆಲ್ಲ ಹೊರಿಸುವಾಗ ನಾನೊಬ್ಬಳು ಹೊರಿಸಿದರೆ ಅದಕ್ಕೇನು ಭಾರವೇ ಎಂದು ನಾನೂ ಒಂದು ತಪ್ಪನ್ನು ಅದರ ತಲೆಗೆ ಕಟ್ಟಿದೆ. ಒಂದು ಸಂಜೆಯಿಂದ ಮರುದಿನ ಬೆಳಿಗ್ಗೆಯವರೆಗೆ ಮಾತ್ರ. ಆದರೆ ಅಷ್ಟರಲ್ಲೇ ಸಾಕುಬೇಕಾಯಿತು.

ನಮ್ಮ ಮನೆ ಹೆಮ್ಮಾಡಿಯಲ್ಲಿ, ಹೈವೇ ಪಕ್ಕದಲ್ಲಿ. ನಾನು ಓದಿದ್ದು ನಾಲ್ಕನೇ ಕ್ಲಾಸು, ಅದರಲ್ಲೂ ಮಳೆಗಾಲ ಕಳೆದರೆ ಎರಡೇ ಆಯಿತು. ಆಮೇಲೆ ಇಪ್ಪತ್ತೈದು ವರ್ಷ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಮನೆಮನೆಗೆ ಮಾರಿದೆ. ಈಗ ಮನೆಯಲ್ಲಿರುವುದು ಮೂರೇ ಜನ. ನಾನು, ಮಗ ರಾಘು, ಸೊಸೆ ಸುಮತಿ. ಮೊಮ್ಮಗಳು ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ರಾಘುವಿಗೆ ಹೆಂಚು ಸಾಗಿಸುವ ಒಂದು ಪಿಕಪ್ ಗಾಡಿ ಇದೆ. ಸುಮತಿ ಹಾಲಿನ ಡೈರಿಯಲ್ಲಿ ಬೆಳಿಗ್ಗೆ ಸಂಜೆ ಕಂಪ್ಯೂಟರಿನ ಮುಂದೆ ಕೂತು ಹಾಲಿನ ಲೆಕ್ಕ ಬರೆಯುತ್ತಾಳೆ. ಹಾಗಾಗಿ ನಮ್ಮ ಮನೆಯಲ್ಲಿ ಕಂಪ್ಯೂಟರು ಗೊತ್ತಿರುವವಳು ಅವಳು. ಗೊತ್ತಿದೆ ಎಂದು ಹೇಳಿಕೊಳ್ಳುವವನು ರಾಘು. ಗೊತ್ತಿಲ್ಲದೆ ಕೈಹಾಕುವವಳು ನಾನು.

ಮನೆಯಲ್ಲಿದ್ದ ಸಿ.ಡಿ. ಹಾಕುವ ಡಬ್ಬ ಸತ್ತುಹೋಗಿತ್ತು. ಅದು ನಿಜವಾಗಿ ಸತ್ತದ್ದು ಹಲ್ಲಿಯಿಂದ. ಕಡಲಿನ ಉಪ್ಪುಗಾಳಿಗೆ ಮೊದಲೇ ಅದರ ಹೊಟ್ಟೆಯೆಲ್ಲ ತುಕ್ಕು. ಬೆಚ್ಚಗಿದೆಯೆಂದು ಒಳಗೆ ಹೊಕ್ಕ ಹಲ್ಲಿ ಸಂಸಾರ ಹೂಡಿ ಮೊಟ್ಟೆಯಿಟ್ಟು ಕೊನೆಗೆ ಅಲ್ಲೇ ಸುಟ್ಟುಹೋಯಿತು, ಡಬ್ಬವನ್ನೂ ಜೊತೆಗೆ ಕರೆದುಕೊಂಡು. ಆಗ ಸುಮತಿ ಹೇಳಿದಳು, ಮತ್ತೆ ಅಂಥದ್ದೇ ತರುವುದು ಬೇಡ, ಈಗ ಚಿಕ್ಕ ಕಂಪ್ಯೂಟರು ಬಂದಿದೆ, ಟಿವಿಗೆ ಸಿಕ್ಕಿಸಿದರೆ ಹಾಡು, ಯಕ್ಷಗಾನದ ಆಟ, ಹಳೇ ವಿಡಿಯೋ ಎಲ್ಲ ಅದರಲ್ಲೇ ಬರುತ್ತದೆ, ಬೆಲೆಯೂ ಕಡಿಮೆ ಎಂದು. ರಾಘುವಿಗೆ ದೊಡ್ಡದೇ ತರಬೇಕೆಂದಿತ್ತು. "ತಪ್ಪುದೇ ಆದ್ರೆ ದೊಡ್ಡ್ ಕಂಪ್ಯೂಟರ್ರೇ ತಪ್ಪ, ನಾಲ್ಕ್ ಜನ ಬಂದ್ರೆ ಕಾಂಬುಕೊಂದ್ ಲಾಯ್ಕ್ ಇರತ್ತ್" ಎಂದ. ನಾನು ಹೇಳಿದೆ, "ನಾಲ್ಕ್ ಜನ ಕಾಂಬುಕೆ ನಿನ್ ಹೊಟ್ಟಿ ಇತ್ತಲೆ ಮಗಾ, ಅದೇ ಸಾಕ್." ಅಲ್ಲಿಗೆ ಚಿಕ್ಕದೇ ಎಂದು ತೀರ್ಮಾನವಾಯಿತು.

ಕುಂದಾಪುರದ ಅಂಗಡಿಗೆ ನಾನೂ ಹೋದೆ. ಯಾಕೆಂದರೆ ಇಪ್ಪತ್ತೈದು ವರ್ಷ ವ್ಯಾಪಾರ ಮಾಡಿದ ಕಣ್ಣಿಗೆ ಯಾವ ವಸ್ತುವಾದರೂ ಒಂದೇ. ಬಂಗುಡೆಯಾದರೆ ಕಿವಿರು ಎತ್ತಿ ನೋಡುತ್ತೇವೆ, ಬೆರಳಿಟ್ಟು ಒತ್ತುತ್ತೇವೆ. ಕಂಪ್ಯೂಟರಿಗೂ ಒಂದು ಕಿವಿರು ಇದ್ದೇ ಇರಬೇಕು. ಅಂಗಡಿಯವ ಮೂರು ಬಗೆ ತೆಗೆದು ಮೇಜಿನ ಮೇಲಿಟ್ಟ. ಒಂದು ಟ್ರಂಕಿನಷ್ಟು ದೊಡ್ಡದು, ಯಾರೋ ಬಳಸಿಬಿಟ್ಟದ್ದು. ಇನ್ನೊಂದು ಪುಸ್ತಕದಷ್ಟು, ಒಳಗೆ ಗುಂಯ್ ಎಂದು ತಿರುಗುವ ಪುಟ್ಟ ಫ್ಯಾನು, ಪಕ್ಕದಲ್ಲಿ ಸಾಲು ಸಾಲು ಕಿಂಡಿ. ಮೂರನೆಯದನ್ನು ನೋಡಿ ನಾನು ತಮಾಷೆ ಎಂದುಕೊಂಡೆ. ಸಾಬೂನಿನ ಬಿಲ್ಲೆಯಷ್ಟು ದೊಡ್ಡ ಒಂದು ಹಸಿರು ಹಲಗೆ. ಮೈಮೇಲೆ ಬಟ್ಟೆ ಇಲ್ಲ, ಬೇಕಾದರೆ ಒಂದು ಪ್ಲಾಸ್ಟಿಕ್ ಚಿಪ್ಪು ಹಾಕಿ ಕೊಡುತ್ತಾನಂತೆ. ಮೊಬೈಲಿನ ಚಾರ್ಜರೇ ಇದಕ್ಕೆ ಊಟ, ಬೆರಳುಗುರಿನಷ್ಟು ಒಂದು ಕಾರ್ಡೇ ಇದಕ್ಕೆ ಮಿದುಳು.

"ಇದ್ ಕಂಪ್ಯೂಟರ್ರಾ, ಇಲಿ ಹಿಡೂಕ್ ಇಡು ಹಲಗಿಯಾ?" ಎಂದು ಕೇಳಿದೆ.

"ಕಂಪ್ಯೂಟರ್ರೇ ಅಮ್ಮ. ಟಿವಿಗೆ ಹಾಕಿ ಕಾಂಬುಕೆ ಇದ್ ಧಾರಾಳ ಸಾಕ್" ಎಂದ ಅಂಗಡಿಯವ.

ಸುಮತಿ ನಾನು ಎಣಿಸದ ಪ್ರಶ್ನೆಗಳನ್ನೆಲ್ಲ ಕೇಳಿದಳು. ತುಂಬ ಹೊತ್ತು ಇಟ್ಟರೆ ಬಿಸಿ ಆಗುತ್ತದೆಯೇ, ರಿಮೋಟು ಬರುತ್ತದೆಯೇ, ಕ್ಯಾಸೆಟ್ಟಿನಿಂದ ಇಳಿಸಿದ ಹಳೇ ವಿಡಿಯೋ ಓಡುತ್ತದೆಯೇ. ಕೊನೆಯದನ್ನು ಎರಡು ಸಲ ಕೇಳಿದಳು. ಅವನು ಹೊಸ ಸಿನಿಮಾದ ದೊಡ್ಡ ವಿಡಿಯೋ ಆದರೆ ಸ್ವಲ್ಪ ತಡವರಿಸಬಹುದು, ಹಳೆಯದಕ್ಕೆ ಏನೂ ತೊಂದರೆಯಿಲ್ಲ ಎಂದ. ನಾನು ಕಿಂಡಿಗಳನ್ನು ನೋಡುತ್ತಿದ್ದೆ. ಫ್ಯಾನು ಇದ್ದದ್ದಕ್ಕೆ ಹಲ್ಲಿ ಹೋಗುವಷ್ಟು ಅಗಲದ ದಾರಿ ಇತ್ತು. ಚಿಪ್ಪಿನದಕ್ಕೆ ಇರುವೆ ಹೋಗಬಹುದು, ಹಲ್ಲಿ ಹೋಗುವುದಿಲ್ಲ. "ಇದೇ ಇರ್ಲಿ" ಎಂದೆ. ಅಂಗಡಿಯವನಿಗೆ ನನ್ನ ಲೆಕ್ಕಾಚಾರ ತಿಳಿಯಲಿಲ್ಲ. "ಅಮ್ಮನಿಗೆ ಭಾರೀ ಗೊತ್ತಿತ್ತ್ ಮಾರ್ರೆ" ಎಂದು ಹೊಗಳಿದ. ಹೊಗಳಿದ್ದಕ್ಕೆ ನಾನು ಚೌಕಾಸಿ ಮಾಡುವುದನ್ನು ಬಿಡಲಿಲ್ಲ. ಅವನು ಏನೋ ಒಂದು ಎಚ್ಚರಿಕೆ ಹೇಳುತ್ತಿದ್ದ. ಮೊದಲು ಟಿವಿಯಲ್ಲಿ ಬರುವ ಗುಂಡಿ ಒತ್ತಿ ಮಲಗಿಸಬೇಕು, ಅದು ಮಲಗಿದ ಮೇಲೆಯೇ ಪ್ಲಗ್ಗು ತೆಗೆಯಬೇಕು, ಓಡುತ್ತಿರುವಾಗ ಕಿತ್ತರೆ ಒಳಗಿದ್ದದ್ದು ಹಾಳಾಗುತ್ತದೆ ಎಂದು. ನಾನು ಆಗ ಚಿಪ್ಪಿಗೆ ಬೇರೆ ದುಡ್ಡು ಯಾಕೆ ಎಂಬ ಜಗಳದಲ್ಲಿದ್ದೆ.

ಹಲಗೆ ಮನೆಗೆ ಬಂತು. ಒಂದು ತಿಂಗಳು ಚೆನ್ನಾಗಿಯೇ ಓಡಿತು. ನಾನು ಮಧ್ಯಾಹ್ನ ಊಟ ಮಾಡಿ ಕೂತು ಬಡಗುತಿಟ್ಟಿನ ಆಟ ನೋಡುತ್ತಿದ್ದೆ. ಒಳ್ಳೆಯದು ಎಂದು ಬಾಯಿಬಿಟ್ಟು ಹೇಳಲಿಲ್ಲ, ಹೇಳಿದರೆ ರಾಘು ತಾನೇ ತಂದವನಂತೆ ಊರೆಲ್ಲ ಹೇಳುತ್ತಿದ್ದ. ಆದರೆ ನಿದ್ದೆ ಬಂದರೆ ಆಟವನ್ನು ನಿಲ್ಲಿಸಿ, ಎದ್ದಮೇಲೆ ಅದೇ ಪದ್ಯದಿಂದ ಮುಂದುವರಿಸಬಹುದಿತ್ತು. ಬಯಲಿನಲ್ಲಿ ಚಾಪೆ ಹಾಸಿ ಆಟ ನೋಡಿದ ಕಾಲದಲ್ಲಿ ನನ್ನ ನಿದ್ದೆಗೆ ಯಾವ ಭಾಗವತನೂ ಕಾದವನಲ್ಲ.

ಸುಮತಿ ಈ ಯಂತ್ರ ತರಿಸಿದ್ದು ನನ್ನ ಆಟಕ್ಕಲ್ಲ ಎಂದು ನನಗೆ ಆಮೇಲೆ ತಿಳಿಯಿತು. ಅವಳ ಮದುವೆಯಾಗಿ ಹದಿನೇಳು ವರ್ಷ. ಆಗ ತೆಗೆದ ವಿಡಿಯೋ ಕ್ಯಾಸೆಟ್ಟಿಗೆ ಬೂಸಲು ಹಿಡಿದಿತ್ತು. ಅವಳು ಯಾರನ್ನೋ ಹಿಡಿದು ಅದನ್ನು ಒರೆಸಿ ತೊಳೆದು ಒಂದು ಪೆನ್ ಡ್ರೈವಿಗೆ ಇಳಿಸಿಕೊಂಡು ಬಂದಿದ್ದಳು. ಇಳಿಸಿದವನು, ಕ್ಯಾಸೆಟ್ಟು ಇದೇ ಕೊನೇ ಸಲ ಓಡಿದ್ದು, ರೀಲು ತುಂಡಾಗಿದೆ ಎಂದನಂತೆ. ಆ ಮದುವೆಯಲ್ಲಿ ಅವಳ ಅಮ್ಮ ಇದ್ದಾಳೆ. ಬ್ರಹ್ಮಾವರ ಕಡೆಯವಳು, ನನ್ನ ಬೀಗಿತ್ತಿ. ತೀರಿಕೊಂಡು ನಾಲ್ಕು ವರ್ಷವಾಯಿತು. ನನಗೂ ಅವಳಿಗೂ ಹೆಚ್ಚು ಮಾತಿರಲಿಲ್ಲ. ಇಬ್ಬರೂ ಮೀನು ಮಾರಿದವರು, ಇಬ್ಬರೂ ದರ ಇಳಿಸದವರು. ಅಂಥವರ ನಡುವೆ ಮಾತು ಕಡಿಮೆಯಿದ್ದರೇ ಕ್ಷೇಮ.

ಮೇ ತಿಂಗಳ ಒಂದು ಸಂಜೆ ಸುಮತಿ ಪೆನ್ ಡ್ರೈವನ್ನು ಹಲಗೆಗೆ ಸಿಕ್ಕಿಸಿ, ಮದುವೆಯ ವಿಡಿಯೋವನ್ನು ಅದರಿಂದ ತೆಗೆದು ಇದರೊಳಗೆ ಹಾಕಲು ಕೊಟ್ಟು ಡೈರಿಗೆ ಹೊರಟಳು. "ಅತ್ತೆ, ಆ ಕೆಂಪ್ ದೀಪ ಮಿಣ್ಕ್ತಾ ಇರತ್ತ್. ಅದ್ರ ಪಾಡಿಗ್ ಬಿಡಿ, ನಾನ್ ಬಂದ್ ಕಾಂತೆ" ಎಂದಳು. ಆಯ್ತು ಎಂದೆ. ಅವಳು ಹೋಗಿ ಕಾಲು ಗಂಟೆ ಆಗಿರಬೇಕು, ಮೂಡಲ ಬದಿಯಲ್ಲಿ ಗುಡುಗಿತು. ದೊಡ್ಡ ಗುಡುಗಲ್ಲ, ದೂರದಲ್ಲಿ ಯಾರೋ ಡಬ್ಬ ಉರುಳಿಸಿದ ಹಾಗೆ. ಆದರೆ ನಮ್ಮ ಕಡೆಯವರ ಕೈಗೆ ಗುಡುಗು ಕೇಳಿಸಿದರೆ ಸಾಕು, ತಲೆಯನ್ನು ಕೇಳುವುದಿಲ್ಲ. ಮೊದಲು ಟಿವಿ, ಆಮೇಲೆ ಕೇಬಲ್ಲು, ಆಮೇಲೆ ಫೋನು, ಫ್ರಿಜ್ಜು, ಮಿಕ್ಸಿ. ಮೂವತ್ತು ಎಣಿಸುವುದರೊಳಗೆ ಮನೆಯ ಎಲ್ಲ ಪ್ಲಗ್ಗು ಕಿತ್ತಿರಬೇಕು. ಆ ಸಂಜೆಯೂ ಕಿತ್ತೆ. ಕೆಂಪು ದೀಪ ಮಿಣುಕುತ್ತಿತ್ತು. ಕಿತ್ತ ಮೇಲೆ ಮಿಣುಕಲಿಲ್ಲ. ಮಳೆಯೂ ಬರಲಿಲ್ಲ, ಸಿಡಿಲೂ ಬರಲಿಲ್ಲ.

ಸುಮತಿ ಬಂದು ಮತ್ತೆ ಹಾಕಿ ನೋಡಿದಳು. ಟಿವಿಯಲ್ಲಿ ಬರೀ ಕಪ್ಪು. ಡೈರಿಗೆ ಓಡಿಹೋಗಿ ಅಲ್ಲಿಯ ಕಂಪ್ಯೂಟರಿಗೆ ಪೆನ್ ಡ್ರೈವು ಹಾಕಿ ನೋಡಿದಳು. ಖಾಲಿ. ವಿಡಿಯೋ ಅಲ್ಲಿಂದ ಹೊರಟಿತ್ತು, ಇಲ್ಲಿಗೆ ಮುಟ್ಟಲಿಲ್ಲ. ನಡುದಾರಿಯಲ್ಲಿ ಬಸ್ಸಿನಿಂದ ಇಳಿಸಿದ ಹಾಗಾಯಿತು. ವಾಪಸು ಬಂದು ಪೆನ್ ಡ್ರೈವನ್ನು ಟಿವಿಯ ಪಕ್ಕ ಇಟ್ಟು, ಮೆಟ್ಟಿಲ ಮೇಲೆ ಕೂತಳು. ಅಷ್ಟರಲ್ಲಿ ರಾಘು ಬಂದ. "ಎಂತ ಆಯ್ತ್?" ಎಂದು ನನ್ನನ್ನೇ ಕೇಳಿದ. ಬಾಯಿಗೆ ಬಂದದ್ದು ಒಂದೇ ಮಾತು. "ಸಿಡಿಲ್ ಹೊಡೀತ್ ಕಾಣ್."

"ಸಿಡಿಲಿಗೆ ಎಂತ ಮಾಡುಕಾತ್ತ್" ಎಂದು ಅವನು ಅಂಗಡಿಯವನಿಗೆ ಫೋನು ಹಚ್ಚಿದ. ಎಲ್ಲರಿಗೂ ಕೇಳುವ ಹಾಗೆ ಇಟ್ಟು ಮಾತಾಡುವುದು ಅವನ ಚಾಳಿ. ಅಂಗಡಿಯವ ಹೇಳಿದ, "ಸಿಡಿಲ್ ಹೊಡೆದದ್ದಾದ್ರೆ ಬಿಡಿ, ಅದ್ರಂಗೆ ಎಂತ ಉಳೂದಿಲ್ಲೆ. ಬರೀ ಕರೆಂಟ್ ತಪ್ಪಿದ್ದಾದ್ರೆ ಹೇಳಿ, ಪೆನ್ ಡ್ರೈವಿಂದ ವಾಪಸ್ ತೆಗೂಕೆ ಒಂದ್ ಉಪಾಯ ಇತ್ತ್. ಆದ್ರೆ ಅದ್ರ ಮೇಲೆ ಬೇರೆ ಎಂತದೂ ಹಾಕುಕಾಗ, ಹಾಕಿದ್ರೆ ಮತ್ತೆ ಉಪಾಯವೂ ಇಲ್ಲೆ."

"ಸಿಡಿಲೇ ಮಾರ್ರೆ, ಅಮ್ಮನೇ ಕಂಡದ್" ಎಂದ ರಾಘು. ಫೋನಿಟ್ಟು ನನ್ನ ಕಡೆ ತಿರುಗಿ, "ಪೆನ್ ಡ್ರೈವ್ ಹ್ಯಾಂಗೂ ಖಾಲಿ ಅಲ್ದಾ, ನಾಳೆ ಗಾಡಿಗೆ ಹಾಡ್ ತುಂಬ್ಸ್ಕಂತೆ" ಎಂದ.

ಆಗ ಹೇಳಬಹುದಿತ್ತು. ಹೇಳಲಿಲ್ಲ. ಮಗನೆದುರು ನಾಲಿಗೆ ತಿರುಗಿಸುವುದು ನನಗೆ ಅಭ್ಯಾಸವಿಲ್ಲ. ಸುಮತಿ ಬಯ್ಯಲೂ ಇಲ್ಲ, ಅಳಲೂ ಇಲ್ಲ. ಅನ್ನ ಬಡಿಸುವಾಗ ಮಾತ್ರ ಮೆಲ್ಲಗೆ ಹೇಳಿದಳು. "ಅಮ್ಮನ್ ಫೋಟೋ ಇತ್ತ್ ಅತ್ತೆ. ಸ್ವರ ಇಲ್ಲೆ. ಮರ್ತ್ ಹೋತಾ ಇತ್ತ್ ನಂಗೆ. ಒಂದ್ಸಲ ಕೇಣ್ಕಂಬ ಅಂದೇಳಿ ಇದ್ದೆ." ನಾನು ಸಾರಿಗೆ ಉಪ್ಪು ಕಮ್ಮಿ ಎಂದೆ. ಕಮ್ಮಿ ಇರಲಿಲ್ಲ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಟಿವಿಯ ಹತ್ತಿರ ಹೋದೆ. ಪೆನ್ ಡ್ರೈವನ್ನು ಸೆರಗಿಗೆ ಕಟ್ಟಿಕೊಂಡು ಮೊದಲ ಬಸ್ಸಿಗೆ ಕುಂದಾಪುರಕ್ಕೆ ಹೋಗಿ, ಅಂಗಡಿಯವನಿಗೆ ಮಾತ್ರ ಗುಟ್ಟಾಗಿ ಸತ್ಯ ಹೇಳಿ ಬರುವುದೆಂದು ನಿಶ್ಚಯಿಸಿದ್ದೆ. ಪೆನ್ ಡ್ರೈವು ಇರಲಿಲ್ಲ. ಟಿವಿಯ ಹಿಂದೆ ಇಲ್ಲ, ಕೆಳಗೆ ಇಲ್ಲ. ಹೊರಗೆ ಗಾಡಿ ಶುರುವಾದ ಶಬ್ದ ಕೇಳಿತು. ನಾನು ಈ ಪ್ರಾಯದಲ್ಲಿ ಓಡಿದ್ದು ಅದೇ ಮೊದಲು.

"ಹ್ವಾಯ್ ರಾಘೂ! ನಿಲ್ಸಾ! ಅದ್ರಂಗೆ ಹಾಡ್ ತುಂಬ್ಸ್ಬೇಡ!" ಎಂದು ಕೂಗಿದೆ. ಅವನಿಗೆ ಕೇಳಿಸಲಿಲ್ಲ. ಇನ್ನೂ ದೊಡ್ಡದಾಗಿ ಕೂಗಿದೆ. "ಸಿಡಿಲ್ ಅಲ್ದಾ! ಪ್ಲಗ್ ಕಿತ್ತದ್ ನಾನ್!"

ಆ ಮಾತು ಮಗನಿಗಿಂತ ಮೊದಲು ಎದುರಿನ ಬಸ್ ಸ್ಟಾಪಿನಲ್ಲಿದ್ದ ಏಳೆಂಟು ಜನರಿಗೆ ಮುಟ್ಟಿತು. ಇಪ್ಪತ್ತೈದು ವರ್ಷ ಬೀದಿಯಲ್ಲಿ ಕೂಗಿದ ಗಂಟಲು ಅದು, ಗುಟ್ಟಿಗೆ ಒಗ್ಗುವುದಿಲ್ಲ. ರಾಘು ಗಾಡಿ ನಿಲ್ಲಿಸಿ ತಲೆ ಹೊರಗೆ ಹಾಕಿದ. "ಎಂತ ಅಮ್ಮ ಬೆಳ್ಗಾತ? ಪೆನ್ ಡ್ರೈವ್ ನನ್ ಹತ್ರ ಇಲ್ಲೆ!"

ತಿರುಗಿ ನೋಡಿದರೆ ಸುಮತಿ ಬಾಗಿಲಲ್ಲಿ ನಿಂತಿದ್ದಳು. ಸೀರೆ ಉಟ್ಟು, ಕೊಡೆ ಹಿಡಿದು, ಹೊರಟು ಆಗಿತ್ತು. "ನನ್ ಪರ್ಸಲ್ ಇತ್ತ್ ಅತ್ತೆ. ನಿನ್ನೆಯೇ ತೆಗ್ದಿಟ್ಟೆ" ಎಂದಳು.

"ನಿಂಗ್ ಗೊತ್ತಿತ್ತಾ?"

"ಸಿಡಿಲ್ ಬಂದ್ ಪ್ಲಗ್ ಕಿತ್ತ್, ವಯರ್ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಇಟ್ ಹೋತ್ತಾ?"

"ಮತ್ತೆ ನಿನ್ನೆ ಹೇಳುಕಾಗಿತ್ತಲೆ, ಹೆಣೆ."

"ನೀವೇ ಹೇಳ್ತ್ರಿ ಅಂದೇಳಿ ಕಾದೆ" ಎಂದಳು. ಕಾಲಿಗೆ ಚಪ್ಪಲಿ ಸಿಕ್ಕಿಸಿ ಅವಳ ಜೊತೆ ಬಸ್ಸು ಹತ್ತಿದೆ. ಸ್ಟಾಪಿನಲ್ಲಿದ್ದವರೂ ಅದೇ ಬಸ್ಸು ಹತ್ತಿದರು. ಕುಂದಾಪುರದವರೆಗೆ ಯಾರೂ ನನ್ನ ಮುಖ ನೋಡಿ ನಗಲಿಲ್ಲ. ಎಲ್ಲರೂ ಕಿಟಕಿಯ ಕಡೆ ತಿರುಗಿ ನಕ್ಕರು.

ಅಂಗಡಿಯವನಿಗೆ ನಾನೇ ಹೇಳಿದೆ. ಅವನು ಪೆನ್ ಡ್ರೈವನ್ನು ತನ್ನ ಕಂಪ್ಯೂಟರಿಗೆ ಹಾಕಿ ಏನೇನೋ ಒತ್ತಿ, ನಮಗೆ ಎರಡು ಸ್ಟೂಲು ಕೊಟ್ಟ. ಒಂದು ಗಂಟೆಯ ಮೇಲಾಯಿತು. ಪೂರ್ತಿ ಬರಲಿಲ್ಲ. ಧಾರೆಯ ಹೊತ್ತಿನ ಒಂದು ತುಂಡು ಬಂತು. ಚಿತ್ರ ಚೌಕ ಚೌಕವಾಗಿ ಒಡೆದಿತ್ತು, ಯಾರ ಮುಖ ಯಾರದೆಂದು ತಿಳಿಯುತ್ತಿರಲಿಲ್ಲ. ಆದರೆ ಸ್ವರ ಸ್ಪಷ್ಟವಾಗಿತ್ತು. "ಸುಮತಿ, ಹೆಣೆ, ತಲಿ ತಗ್ಸ್ಬೇಡ. ಮುಕ ಕಾಂತಿಲ್ಲೆ ಕಾಣ್." ಸುಮತಿ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅಂಗಡಿಯವ ಕೇಳದೆಯೇ ಅದನ್ನು ಮತ್ತೊಮ್ಮೆ ಹಾಕಿದ. ಒಳ್ಳೆಯವ.

ಮೂರನೇ ಸಲ ಹಾಕುವಾಗ ತುಂಡು ಸ್ವಲ್ಪ ಮುಂದಕ್ಕೆ ಓಡಿತು. ಬೀಗಿತ್ತಿಯ ಸ್ವರದ ಹಿಂದೆಯೇ, ವಾದ್ಯವನ್ನೂ ಮೀರಿಸಿ, ಇನ್ನೊಂದು ಹೆಂಗಸಿನ ಸ್ವರ ಬಂತು. "ಗಂಡಿನ್ ಬದಿಯರ್ ಬಂದ್ ಒಂದ್ ಗಂಟಿ ಆಯ್ತ್, ಒಂದ್ ಲೋಟ ಪಾನಕ ಇಲ್ಲೆ! ನಾವ್ ಮದಿಗ್ ಬಂದದ್ದಾ, ಬಸ್ಸಿಗ್ ಕಾಯುಕೆ ನಿಂತದ್ದಾ?"

ಅಂಗಡಿಯವ ಬಿದ್ದು ಬಿದ್ದು ನಕ್ಕ. "ಇದ್ ಯಾರ್ ಅಮ್ಮ, ಇಷ್ಟ್ ದೊಡ್ಡ್ ಗಂಟ್ಲ್?"

ಸುಮತಿ ಕಣ್ಣೊರೆಸಿಕೊಳ್ಳುತ್ತ ನನ್ನನ್ನೇ ನೋಡಿದಳು.

"ಯಾರೋ ಗೊತ್ತಿಲ್ಲೆ ಮಾರ್ರೆ" ಎಂದೆ. ಆ ದಿನದ ಪಾಲಿನ ಸತ್ಯವನ್ನು ನಾನು ಬೆಳಿಗ್ಗೆಯೇ ಹೇಳಿ ಮುಗಿಸಿದ್ದೆ.